ಸಾರಾಯಿ ನಿಂತ ದಿನ ಎಲ್ಲರಿಗೂ ಗೊತ್ತು, ಕುಡಿತ ಬಿಟ್ಟವರ ದಿನ ಯಾರಿಗೆ ಗೊತ್ತು?

2007ರ ಜುಲೈ 1. ನಮ್ಮ ಜಿಲ್ಲೆಯಲ್ಲಿ ನಲವತ್ತು ದಾಟಿದ ಯಾರನ್ನೇ ಕೇಳಿ, ತಾರೀಖು ಮರೆತಿದ್ದರೂ ಸಂಗತಿ ಮರೆತಿರುವುದಿಲ್ಲ. ಅಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದ ಕಾಲ. ಹಲ್ಲಿನಲ್ಲಿ ಕಚ್ಚಿ ಹರಿದು ಕುಡಿಯುತ್ತಿದ್ದ ಆ ಪ್ಲಾಸ್ಟಿಕ್ ಪ್ಯಾಕೆಟ್ ಅಂಗಡಿಯಿಂದ ಮಾಯವಾಯಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ತಾರೀಖುಗಳೂ ಇವೆ. ಒಬ್ಬರಿಗೆ ಅದು ಮಗಳ ನಾಮಕರಣದ ಹಿಂದಿನ ದಿನ. ಇನ್ನೊಬ್ಬರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಸೋಮವಾರ. ಅಂದಿನಿಂದ ಇಂದಿನವರೆಗೆ ಒಂದು ತೊಟ್ಟೂ ಬಾಯಿಗೆ ಹಾಕಿಲ್ಲ. ಹತ್ತು ವರ್ಷವಾಯಿತು, ಹದಿನೈದು ವರ್ಷವಾಯಿತು. ಈ ತಾರೀಖುಗಳು ಯಾವ ಗೆಜೆಟ್‌ನಲ್ಲೂ ಇಲ್ಲ, ಪತ್ರಿಕೆಯಲ್ಲೂ ಬಂದಿಲ್ಲ. ವರದಿ ಬರೆಯುವ ನಾವೂ ಇಷ್ಟು ದಿನ ಅಂಗಡಿ ಮುಚ್ಚಿದ್ದನ್ನು, ತೆರೆದದ್ದನ್ನು, ದಾಳಿ ನಡೆದದ್ದನ್ನು ಮಾತ್ರ ಸುದ್ದಿ ಮಾಡಿದ್ದೇವೆ.

ಹಾಗಾಗಿ ಈ ಸಲ ಎರಡು ಚರಿತ್ರೆಗಳನ್ನು ಒಟ್ಟಿಗೆ ಬರೆಯುತ್ತಿದ್ದೇವೆ. ಮೊದಲನೆಯದು ಕುಡಿತವನ್ನು ನಿಲ್ಲಿಸಲು ಹೊರಟ ಸರ್ಕಾರಗಳದ್ದು. ಎರಡನೆಯದು ಕುಡಿತ ಬಿಟ್ಟು, ಬಿಟ್ಟೇ ಇರಲು ಒಬ್ಬರಿಗೊಬ್ಬರು ಆಸರೆಯಾದವರದ್ದು.

ಗಡಿಯ ಆಚೆ ಬಂದ್, ಈಚೆ ಚಾಲೂ

ನಮ್ಮ ಕಡೆಯ ಹಳೆಯ ಕುಡಿತ ಎಂದರೆ ಈಚಲು ಹೆಂಡ. ಕೆರೆ ಏರಿಯ ಪಕ್ಕ, ಹಳ್ಳದ ದಂಡೆಯಲ್ಲಿ ಈಚಲು ಮರಗಳಿದ್ದವು. ಮರ ಹತ್ತಿ ಹೆಂಡ ಇಳಿಸುವುದನ್ನೇ ಬದುಕು ಮಾಡಿಕೊಂಡ ಕುಟುಂಬಗಳಿದ್ದವು. ಹೆಂಡ, ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಅದರಿಂದ ಬರುವ ಅಬಕಾರಿ ಹಣ ಮೈಸೂರು ಸಂಸ್ಥಾನದ ಕಾಲದಿಂದಲೂ ಬೊಕ್ಕಸಕ್ಕೆ ದೊಡ್ಡ ಆದಾಯ.

ಪಾನನಿರೋಧದ ದೊಡ್ಡ ಪ್ರಯೋಗ ಮೊದಲು ನಡೆದದ್ದು ನಮ್ಮ ಗಡಿಗೆ ಅಂಟಿಕೊಂಡೇ. ಮಾಲೂರಿನಿಂದ ಆಚೆಗೆ ಹೊಸೂರು. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ರಾಜಾಜಿ. 1937ರಲ್ಲಿ ಅವರು ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೇ ಕರೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್ 1ರಂದು ತಮ್ಮ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. ಹೊಸೂರು ಆಗ ಸೇಲಂ ಜಿಲ್ಲೆಗೇ ಸೇರಿತ್ತು. ಮರುವರ್ಷ, 1938ರಲ್ಲಿ, ಚಿತ್ತೂರು ಮತ್ತು ಕಡಪ ಜಿಲ್ಲೆಗಳಿಗೂ ಅದೇ ಕಾನೂನು ಬಂತು. ಚಿತ್ತೂರು ಎಂದರೆ ಮುಳಬಾಗಿಲು, ಶ್ರೀನಿವಾಸಪುರದ ಪಕ್ಕದ ಸೀಮೆ, ನಮ್ಮಲ್ಲಿ ಎಷ್ಟೋ ಮನೆಗಳಿಗೆ ಹೆಣ್ಣು ಕೊಟ್ಟು ತಂದ ಊರುಗಳು.

ಕೋಲಾರ ಮೈಸೂರು ಸಂಸ್ಥಾನದಲ್ಲಿತ್ತು. ಮದ್ರಾಸಿನ ಕಾನೂನು ಇಲ್ಲಿಗೆ ತಾಗಲಿಲ್ಲ. ಹೀಗೆ ಒಂದೇ ಭಾಷೆ ಆಡುವ, ಒಂದೇ ಜಾತ್ರೆಗೆ ಹೋಗುವ ನೆಂಟರ ನಡುವೆ ಗಡಿಕಲ್ಲಿನ ಆಚೆ ಕುಡಿತ ಅಪರಾಧ, ಈಚೆ ಸರ್ಕಾರಿ ಹರಾಜು.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 47ನೇ ವಿಧಿ ಪಾನನಿರೋಧ ರಾಜ್ಯಗಳ ಗುರಿ ಎಂದಿತು. ಮೈಸೂರು ರಾಜ್ಯದ ಹಲವು ಕಡೆ ಪಾನನಿರೋಧ ಜಾರಿಯೂ ಆಯಿತು. 1967ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. 1971ರಲ್ಲಿ ತಮಿಳುನಾಡೂ ಕೈಬಿಟ್ಟಿತು.

ಮುಂದೆ ಮತ್ತೆ ಗಡಿಯ ಆಚೆಯಿಂದಲೇ ಸುದ್ದಿ ಬಂತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ರಾತ್ರಿ ಅಕ್ಷರ ಕಲಿಯಲು ಕೂಡುತ್ತಿದ್ದ ಹೆಂಗಸರು ಅವರು. ಆ ಹೋರಾಟ ಆಂಧ್ರವನ್ನೆಲ್ಲ ಹಬ್ಬಿ 1993ರಲ್ಲಿ ಅಲ್ಲಿ ಸಾರಾಯಿ, 1995ರಲ್ಲಿ ಪೂರ್ತಿ ಮದ್ಯ ನಿಷೇಧವಾಯಿತು. 1997ಕ್ಕೆ ಮದ್ಯ ವಾಪಸ್ ಬಂತು.

ನಮ್ಮಲ್ಲಿ 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಹೆಂಡ ನಿಂತಿತು. 2007ರಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಕಳ್ಳಭಟ್ಟಿ ಕುಡಿದು ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಹೋದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ ಬಂತು. ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು.

ಈ ಹೋರಾಟಗಳನ್ನು ನಾವು ಹಗುರವಾಗಿ ನೋಡುತ್ತಿಲ್ಲ. ಅಂಗಡಿ ಕಣ್ಣೆದುರು ಇಲ್ಲದಿದ್ದರೆ ಎಷ್ಟೋ ಮನೆ ಉಳಿಯುತ್ತದೆ. ಆದರೆ ಎಂಬತ್ತು ವರ್ಷಗಳಲ್ಲಿ ಕಾನೂನು ಬಂದಿದೆ, ಹೋಗಿದೆ, ಮತ್ತೆ ಬಂದಿದೆ. ಅಂಗಡಿ ಮತ್ತೆ ತೆರೆದ ದಿನವೂ ಒಳಗೆ ಹೋಗದೆ ಮನೆಗೆ ನಡೆದವರು ಇದ್ದರಲ್ಲ, ಅವರನ್ನು ಹಿಡಿದು ನಿಲ್ಲಿಸಿದ್ದು ಏನು?

ಒಬ್ಬ ಕುಡುಕನಿಗೆ ಇನ್ನೊಬ್ಬ ಕುಡುಕ ಬೇಕು

ಇದಕ್ಕೆ ಉತ್ತರ ಕೊಡುವ ಒಂದು ಸಂಗತಿ ದೂರದ ಅಮೆರಿಕದಲ್ಲಿ ನಡೆದದ್ದು. 1935ರ ಮೇ ತಿಂಗಳು, ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಎಂಬ ವ್ಯಾಪಾರಿ ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಬಂದ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ಹತ್ತಿರದಲ್ಲೇ ಬಾರು, ಒಳಗಿಂದ ಮಾತು ನಗು ಕೇಳುತ್ತಿತ್ತು. ಆತ ಬಾರಿಗೆ ಹೋಗುವ ಬದಲು ಫೋನ್ ಹಿಡಿದು, ಈ ಊರಲ್ಲಿ ನನ್ನ ಹಾಗೆ ಕುಡಿತದಿಂದ ಒದ್ದಾಡುವ ಇನ್ನೊಬ್ಬ ಯಾರಾದರೂ ಇದ್ದಾರಾ ಎಂದು ವಿಚಾರಿಸಿದ. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್. ರೋಗಿಗಳಿಗೆ ಬುದ್ಧಿ ಹೇಳಬೇಕಾದ ವೈದ್ಯರೇ ಕುಡಿತ ಬಿಡಲಾಗದೆ ಸೋತಿದ್ದರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಜೂನ್ 10 ಬಾಬ್ ಅವರ ಕೊನೆಯ ಕುಡಿತದ ದಿನವಾಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ ದಿನ ಎಂದು ಅದನ್ನೇ ಎಣಿಸುತ್ತಾರೆ. ಬಾಬ್ 1950ರಲ್ಲಿ, ಬಿಲ್ 1971ರಲ್ಲಿ ತೀರಿಕೊಂಡರು. ಇಬ್ಬರೂ ಮತ್ತೆ ಕುಡಿಯಲಿಲ್ಲ.

ಗಮನಿಸಿ, ಬಿಲ್ ಹೋದದ್ದು ಬಾಬ್‌ಗೆ ಉಪದೇಶ ಮಾಡಲು ಅಲ್ಲ, ತಾನು ಉಳಿಯಲು. ಇನ್ನೊಬ್ಬನಿಗೆ ತನ್ನ ಕಥೆ ಹೇಳುವಷ್ಟು ಹೊತ್ತು ತನ್ನ ಕೈ ಗ್ಲಾಸಿಗೆ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು.

ಭಾರತದಲ್ಲಿ ಎಎ 1957ರಲ್ಲಿ ಮುಂಬಯಿಯಲ್ಲಿ ನೆಲೆ ಹಿಡಿಯಿತು. ನಂತರ ಬೆಂಗಳೂರಿಗೂ ಬಂತು, ಕನ್ನಡದಲ್ಲೂ ಸಭೆಗಳು ನಡೆಯುತ್ತವೆ. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಪೂರ್ತಿ ಹೆಸರು ಹೇಳಬೇಕಿಲ್ಲ, ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಹೊಸಬನಿಗೆ ಹಳಬನೊಬ್ಬ ಜೊತೆಯಾಗುತ್ತಾನೆ. ಜೀವಮಾನವಿಡೀ ಕುಡಿಯುವುದಿಲ್ಲ ಎಂದು ಆಣೆ ಮಾಡಿಸುವುದಿಲ್ಲ. ಇವತ್ತು ಒಂದು ದಿನ ಬೇಡ ಅನ್ನು, ನಾಳೆಯದು ನಾಳೆ ನೋಡೋಣ ಎನ್ನುತ್ತಾರೆ.

2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಕೆಲ್ಲಿ ಮತ್ತು ಸಂಗಡಿಗರು 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಪೂರ್ತಿಯಾಗಿ ಬಿಟ್ಟು, ಬಿಟ್ಟೇ ಇರುವ ವಿಷಯದಲ್ಲಿ, ಜನರನ್ನು ಎಎ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಉಳಿದ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆಯೇ ಎಂದು ಕಂಡಿತು.

ಕಲ್ಯಾಣ ಮಂಟಪದ ಎಂಟು ದಿನ

ನಮ್ಮ ಹಳ್ಳಿಗಳಿಗೆ ಬಂದದ್ದು ಬೇರೆ ದಾರಿ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಜನಜಾಗೃತಿ ವೇದಿಕೆಯ ಜೊತೆ ಸೇರಿ ಮದ್ಯವರ್ಜನ ಶಿಬಿರಗಳನ್ನು ನಡೆಸತೊಡಗಿತು. ರಾಜ್ಯದಲ್ಲಿ ಇಂಥ ಶಿಬಿರಗಳು ಸಾವಿರ ದಾಟಿ ಬಹಳ ಕಾಲವಾಯಿತು. ನಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲೂ ಆಗಿವೆ.

ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ಇರುವುದು. ಊಟ, ನಿದ್ದೆ ಅಲ್ಲೇ. ಯೋಗ, ಭಜನೆ, ವೈದ್ಯರ ತಪಾಸಣೆ, ಮಾತುಕತೆ ಇರುತ್ತದೆ. ಮನೆಯವರನ್ನೂ ಕರೆಸುತ್ತಾರೆ. ಶಿಬಿರದ ಸುದ್ದಿ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ವೇದಿಕೆ, ಹಾರ, ಫೋಟೊ.

ನಮಗೆ ಮುಖ್ಯವಾಗಿ ಕಂಡದ್ದು ಒಂಬತ್ತನೇ ದಿನದಿಂದ ಮುಂದಿನದು. ಶಿಬಿರ ಮುಗಿಸಿದವರು ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ಆಗಾಗ ಒಂದು ಕಡೆ ಕೂಡುತ್ತಾರೆ. ನೂರು ದಿನ ತುಂಬಿದರೆ ಶತದಿನೋತ್ಸವ ಮಾಡುತ್ತಾರೆ. ಹೊಸ ಶಿಬಿರ ನಡೆದರೆ ಹಳಬರು ಹೋಗಿ ತಮ್ಮ ಕಥೆ ಹೇಳುತ್ತಾರೆ. ಆಕ್ರನ್‌ನಲ್ಲಿ ಇಬ್ಬರು ಮಾಡಿದ ಕೆಲಸವನ್ನೇ ಇಲ್ಲಿ ಮಂಟಪದ ಚಾಪೆಯ ಮೇಲೆ ಮಾಡುತ್ತಾರೆ.

ಒಂದು ದೊಡ್ಡ ವ್ಯತ್ಯಾಸ ಇದೆ. ಎಎಯಲ್ಲಿ ಗುರುತು ಮುಚ್ಚಿಡುತ್ತಾರೆ. ಬೆಂಗಳೂರಿನಲ್ಲಿ ಅದು ಆಗುತ್ತದೆ. ಮುನ್ನೂರು ಮನೆಯ ಹಳ್ಳಿಯಲ್ಲಿ ಯಾರು ಎಷ್ಟು ಕುಡಿಯುತ್ತಾನೆ ಎಂಬುದು ನಾಯಿಗೂ ಗೊತ್ತಿರುತ್ತದೆ. ಹಾಗಾಗಿ ಇಲ್ಲಿ ಎಲ್ಲರೆದುರು ಪ್ರಮಾಣ. ಇದರಲ್ಲಿ ಬಲ ಇದೆ, ಇಡೀ ಊರು ಸಾಕ್ಷಿಯಾಗುತ್ತದೆ. ಅಪಾಯವೂ ಇದೆ. ಜಾರಿದರೆ ಇಡೀ ಊರಿನ ಮುಂದೆ ಜಾರಿದಂತೆ.

ಮಾಲೆ ಹಾಕಿದ ದಿನಗಳು

ಶಿಬಿರ, ಎಎ ಎರಡೂ ಬರುವುದಕ್ಕೆ ಮೊದಲೇ ನಮ್ಮ ಊರುಗಳಿಗೆ ಒಂದು ಪದ್ಧತಿ ಗೊತ್ತಿತ್ತು. ಕಾರ್ತಿಕ ಬಂದರೆ ಅಯ್ಯಪ್ಪ ಮಾಲೆ ಹಾಕುತ್ತಾರೆ. 41 ದಿನದ ವ್ರತ. ದಿನಾ ಕ್ವಾರ್ಟರ್ ಇಲ್ಲದೆ ನಿದ್ದೆ ಬಾರದವನು ಆ ದಿನಗಳಲ್ಲಿ ಮುಟ್ಟುವುದಿಲ್ಲ.

ದೇವರ ಭಯ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಸ್ವಲ್ಪ ಹತ್ತಿರದಿಂದ ನೋಡಿ. ಬೆಳಿಗ್ಗೆ ಬೇಗ ಎದ್ದು ತಣ್ಣೀರು ಸ್ನಾನ. ಸಂಜೆ, ಅಂದರೆ ಕುಡಿಯುವ ಹೊತ್ತಿಗೆ ಸರಿಯಾಗಿ, ಭಜನೆ. ಜೊತೆಗೆ ಹತ್ತು ಜನ. ಮೇಲೆ ಒಬ್ಬ ಗುರುಸ್ವಾಮಿ, ಎಷ್ಟೋ ಸಲ ಮಲೆ ಹತ್ತಿದವರು. ನಿನ್ನೆಯವರೆಗೆ ‘ಲೇ’ ಎನ್ನುತ್ತಿದ್ದ ಊರು ‘ಸ್ವಾಮಿ’ ಎನ್ನುತ್ತದೆ. ಹಳೆಯ ಗೆಳೆಯನೂ ಗ್ಲಾಸು ಮುಂದಿಡಲು ಹೆದರುತ್ತಾನೆ. ಜೊತೆಗಾರರು, ಹಿರಿಯನೊಬ್ಬ, ದಿನದ ಕ್ರಮ, ಮರ್ಯಾದೆ, ಈ ನಾಲ್ಕೂ ಸೇರಿದರೆ ಕುಡಿತ ನಿಲ್ಲುತ್ತದೆ ಎಂಬುದನ್ನು ನಮ್ಮ ಹಳ್ಳಿಗಳು ಪ್ರತಿ ವರ್ಷ ತೋರಿಸುತ್ತಲೇ ಇವೆ.

ತೊಂದರೆ ಬರುವುದು ಮಾಲೆ ತೆಗೆದ ದಿನ. ಅಂದು ನಾಲ್ಕೂ ಒಟ್ಟಿಗೆ ಹೋಗುತ್ತವೆ. ಕೆಲವರು ಅದೇ ದಿನ ಬಾಟಲಿ ತೆಗೆಯುತ್ತಾರೆ. ವರ್ಷಗಟ್ಟಲೆ ಬಿಟ್ಟಿರುವವರು ಒಂದಲ್ಲ ಒಂದು ರೀತಿಯಲ್ಲಿ ಈ ನಾಲ್ಕನ್ನು ಮಾಲೆ ಇಲ್ಲದೆಯೂ ಉಳಿಸಿಕೊಂಡವರು.

ಬಿಟ್ಟವರ ಪಂಚಾಂಗ

ಕುಡಿತ ಬಿಟ್ಟವರ ಜೊತೆ ಕೂತರೆ ಅವರ ವರ್ಷವೇ ಬೇರೆ ಎಂದು ಗೊತ್ತಾಗುತ್ತದೆ. ಡೇರಿ ಬಟವಾಡೆ ಕೈಗೆ ಬರುವ ದಿನ ಒಂದು ಎಚ್ಚರ. ಟೊಮೆಟೊಗೆ ಒಳ್ಳೆ ರೇಟು ಸಿಕ್ಕಿ ಕೋಲಾರದ ಮಂಡಿಯಿಂದ ವಾಪಸಾಗುವಾಗ ಒಂದು, ರೇಟು ಬಿದ್ದು ಕ್ರೇಟುಗಳನ್ನು ಸುರಿದು ಬಂದ ದಿನ ಇನ್ನೊಂದು. ಶ್ರೀನಿವಾಸಪುರದ ಕಡೆ ಮಾವಿನ ತೋಟದ ಲೆಕ್ಕ ಚುಕ್ತಾ ಆಗುವ ದಿನ. ಮಾಲೂರಿನ ಕಡೆ ಇಟ್ಟಿಗೆ, ಹೆಂಚಿನ ಕೆಲಸದವರಿಗೆ ವಾರದ ಬಟವಾಡೆಯ ಸಂಜೆ.

ಹಬ್ಬಗಳು ಇನ್ನೂ ಕಷ್ಟ. ಯುಗಾದಿ ಮಾರನೇ ದಿನದ ಹೊಸತೊಡಕು. ಊರಹಬ್ಬದ ಬಾಡೂಟ. ತಿಥಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಎಷ್ಟೋ ಮನೆಗಳಲ್ಲಿ ಸತ್ತವರಿಗೆ ಪ್ರಿಯವೆಂದು ಬಾಟಲಿಯೂ ಇರುತ್ತದೆ. ತಂದೆಗೆ ಎಡೆ ಇಟ್ಟು, ಅದನ್ನು ಪ್ರಸಾದವೆಂದು ಹಂಚುವಾಗ ಏನು ಮಾಡುವುದು? ಮುಳಬಾಗಿಲು ಕಡೆಯ ಒಬ್ಬರು ನಮಗೆ ಹೇಳಿದ ಉಪಾಯ ಸರಳ. ‘ಎಡೆಗೆ ಎಳನೀರು ಇಡ್ತೀನಿ ಸಾರ್. ನಮ್ಮಪ್ಪ ಅದನ್ನೂ ಕುಡೀತಿದ್ದ.’

ಮತ್ತೆ ಎಲೆಕ್ಷನ್. ಗ್ರಾಮ ಪಂಚಾಯಿತಿ ಚುನಾವಣೆ ಬಂದರೆ ಬಾಟಲಿ ಮನೆ ಬಾಗಿಲಿಗೇ ಬರುತ್ತದೆ. ಬೇಡ ಎಂದರೆ ಎದುರು ಪಾರ್ಟಿಯವನು ಎಂದುಕೊಳ್ಳುತ್ತಾರೆ.

ಇಂಥ ದಿನಗಳಲ್ಲಿ ಆಸರೆ ಎಂದರೆ ದೊಡ್ಡ ಭಾಷಣ ಬೇಡ. ‘ಅಣ್ಣಾ, ಎಲ್ಲಿದ್ದೀಯ? ಬಾ, ಬಸ್ ಸ್ಟ್ಯಾಂಡ್ ಹತ್ರ ಟೀ ಕುಡಿಯೋಣ’ ಎಂಬ ಒಂದು ಫೋನು. ಮದುವೆ ಮನೆಗೆ ಇಬ್ಬರೂ ಒಟ್ಟಿಗೆ ಹೋಗಿ, ಊಟ ಮಾಡಿ, ಒಟ್ಟಿಗೆ ಹೊರಡುವುದು. ಮನೆ ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಮುಚ್ಚಿದವು. ಮೇ 4ರಂದು ತೆರೆದಾಗ ಎಂಥ ಸಾಲು ನಿಂತಿತ್ತು ಎಂಬುದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ನಲವತ್ತು ದಿನ ಕುಡಿಯದೆ ಇದ್ದವರು ಎಷ್ಟೋ ಜನ ಆ ಸಾಲಿನಲ್ಲಿದ್ದರು. ಅಂಗಡಿ ಮುಚ್ಚಿದರೆ ಕುಡಿತ ನಿಲ್ಲುತ್ತದೆ ಎಂಬುದೂ ನಿಜ, ಅಷ್ಟೇ ಸಾಲದು ಎಂಬುದೂ ನಿಜ. ಎರಡೂ ಒಂದೇ ಬೆಳಿಗ್ಗೆ ಕಂಡವು. ಸಭೆ ಸೇರಲಾಗದ ಆ ದಿನಗಳಲ್ಲಿ ಎಎ ಸಭೆಗಳು ಫೋನಿಗೆ ಬಂದವು.

ಹೆಂಗಸರ ಪಾಲು

1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್, ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಕೂಟ ಕಟ್ಟಿದರು. ಗಂಡ ಬಿಟ್ಟ ಮೇಲೂ ಹೆಂಡತಿಯ ಭಯ ಬಿಡುವುದಿಲ್ಲ, ಬಾಗಿಲ ಸದ್ದಾದರೆ ಎದೆ ಝಲ್ಲೆನ್ನುತ್ತದೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು 2000-01ರಿಂದ ಇವೆ. ವಾರದ ಉಳಿತಾಯ ಕಟ್ಟಲು ಕೂತಾಗ ಈ ಮಾತೂ ಬರುತ್ತದೆ. ಹೆಸರಿಲ್ಲದಿದ್ದರೂ ಅದೂ ಒಂದು ಆಸರೆ ಕೂಟವೇ.

ಕುಡಿಯುವ ಹೆಂಗಸರ ಮಾತನ್ನು ನಮ್ಮ ಕಡೆ ಯಾರೂ ಎತ್ತುವುದಿಲ್ಲ. ಕೂಲಿ ಮಾಡಿ ಮೈ ನೋವಿಗೆಂದು ಶುರು ಮಾಡಿದವರಿದ್ದಾರೆ. ಗಂಡಸು ಬಿಟ್ಟರೆ ಹಾರ, ಹೆಂಗಸು ಬಿಡಲು ಹೊರಟರೆ ಮೊದಲು ಕುಡಿಯುತ್ತಿದ್ದಳಾ ಎಂಬ ಪ್ರಶ್ನೆ. ಅವರು ವೇದಿಕೆ ಹತ್ತಲಾರರು. ಅವರಿಗೆ ಬೇಕಾದದ್ದು ಹೆಸರು ಹೊರಗೆ ಹೋಗದ ಜಾಗ.

ಜಾರಿದವನ ಮನೆ ಬಾಗಿಲು

ಈಗ ಈ ಬರಹದ ಮುಖ್ಯ ಮಾತು. ಬಿಟ್ಟವರಲ್ಲಿ ಅನೇಕರು ಒಮ್ಮೆಯಾದರೂ ಜಾರುತ್ತಾರೆ. ನಮ್ಮ ಊರುಗಳಲ್ಲಿ ಜಾರಿದವನಿಗೆ ಆಗುವುದೇನು? ‘ನಾಯಿ ಬಾಲ ಡೊಂಕು’ ಎನ್ನುತ್ತಾರೆ. ಅವನು ಸಮಿತಿಯವರನ್ನು ಕಂಡರೆ ದಾರಿ ಬದಲಿಸುತ್ತಾನೆ. ಮೂರು ವರ್ಷ ಕುಡಿಯದೆ ಇದ್ದದ್ದು ಒಂದು ಸಂಜೆಗೆ ಸೊನ್ನೆಯಾಯಿತು ಎಂದುಕೊಳ್ಳುತ್ತಾನೆ. ಆ ನಾಚಿಕೆಯನ್ನು ಮರೆಯಲು ಮತ್ತೆ ಕುಡಿಯುತ್ತಾನೆ.

ಮೂರು ವರ್ಷ ಸೊನ್ನೆಯಾಗುವುದಿಲ್ಲ. ಆ ಮೂರು ವರ್ಷ ಮಕ್ಕಳು ಹೆದರದೆ ಮಲಗಿದ್ದಾರೆ. ಸಾಲ ತೀರಿದೆ. ಅದನ್ನು ಯಾರೂ ವಾಪಸ್ ತೆಗೆದುಕೊಳ್ಳಲಾರರು. ಜಾರಿದ ಮರುದಿನ ಬೆಳಿಗ್ಗೆ ಅವನ ಬಾಗಿಲು ತಟ್ಟಿ ‘ನಡಿ, ಇವತ್ತಿನಿಂದ ಮತ್ತೆ ಎಣಿಸೋಣ’ ಎನ್ನುವ ಒಬ್ಬ ಇದ್ದರೆ ಎಷ್ಟೋ ಜನ ವಾಪಸಾಗುತ್ತಾರೆ. ಆ ಒಬ್ಬ, ತಾನೂ ಒಮ್ಮೆ ಜಾರಿದವನಾದರೆ ಇನ್ನೂ ಒಳ್ಳೆಯದು.

ನಮ್ಮ ಮನವಿ ಇಷ್ಟೇ. ನಿಮ್ಮೂರಲ್ಲಿ ಬಿಟ್ಟವರು ಇಬ್ಬರಿದ್ದರೂ ಸಾಕು, ವಾರಕ್ಕೊಮ್ಮೆ ಕೂತು ಮಾತಾಡಿ. ಜಾರಿದವರ ಹೆಸರು ಗೊತ್ತಿದ್ದರೆ ಅವರ ಮನೆಗೆ ಹೋಗಿ. ಬಿಟ್ಟವರಿಗೆ ‘ಒಂದೇ ಒಂದು ನೈಂಟಿ’ ಎಂದು ಒತ್ತಾಯ ಮಾಡಬೇಡಿ.

ಕೊನೆಗೆ ಎರಡು ಎಚ್ಚರಿಕೆ. ಬಹಳ ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಕೇಳುವುದು ಆಗಬಹುದು. ಇದು ಜೀವಕ್ಕೇ ಅಪಾಯ. ಕಟ್ಟಿಹಾಕಿ ಮನೆಯಲ್ಲಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎರಡನೆಯದು, ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ, ಮಾತ್ರೆ ಬೇಡ. ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿದ್ದು ಅದು ತಿಳಿಯದೆ ಕುಡಿದರೆ ಪ್ರಾಣಕ್ಕೆ ಕುತ್ತಾಗಬಹುದು.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಪ್ರತ್ಯೇಕ ವಿಭಾಗವಿದೆ. ಉಚಿತವಾಗಿ ಫೋನ್ ಮಾಡಲು ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416.

ನೀವು ಬಿಟ್ಟ ದಿನ ಯಾವುದು? ಹೆಸರು ಬೇಡ, ತಾರೀಖು ಸಾಕು. ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಮ್ಮ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ 2007ರ ಜುಲೈ 1ರ ಪಕ್ಕದಲ್ಲಿ ಅದಕ್ಕೂ ಜಾಗ ಇದೆ.